ತಾತ ಸೈಕಲ್ ತಳ್ಳುತ್ತಿದ್ದ ಕಾರಣ

ರಜೆ ಬಂತೆಂದರೆ ಅಮ್ಮ ನನ್ನನ್ನು ಬಸ್ಸು ಹತ್ತಿಸಿ ಕಂಡಕ್ಟರಿಗೆ ಒಪ್ಪಿಸುತ್ತಿದ್ದಳು. ನಾಲ್ಕು ಗಂಟೆ ದಾರಿ. ಇಳಿಯುವ ಕಡೆ ಅಮ್ಮನ ಅಪ್ಪ, ಅಂದರೆ ನಮ್ಮ ತಾತ, ಸೈಕಲ್ ಹಿಡಿದು ನಿಂತಿರುತ್ತಿದ್ದ. ಚೀಲ ಕ್ಯಾರಿಯರಿಗೆ, ನಾನು ಸೀಟಿಗೆ. ತಾತ ಹ್ಯಾಂಡಲ್ ಹಿಡಿದು ಮನೆಯವರೆಗೂ ತಳ್ಳಿಕೊಂಡೇ ಬರುತ್ತಿದ್ದ. ಮೊಮ್ಮಕ್ಕಳನ್ನು ಹೀಗೇ ಮರ್ಯಾದೆಯಿಂದ ಕರೆತರಬೇಕು ಅಂತ ಇರಬೇಕು ಅಂದುಕೊಂಡಿದ್ದೆ.

ತಾತನದು ಬಾಡಿಗೆ ಸೈಕಲ್ ಅಂಗಡಿ. ಸಣ್ಣ ಊರು, ಇದ್ದದ್ದು ಅದೊಂದೇ ಅಂಗಡಿ. ತಗಡಿನ ಮಾಡು. ಗೋಡೆಗೆ ಮೊಳೆ ಹೊಡೆದು ಹಳೇ ಟೈರು ನೇತುಹಾಕಿದ್ದ. ಬಾಗಿಲ ಹತ್ತಿರ ಒಂದು ಪಂಪು, ಪಕ್ಕದಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡಲು ನೀರು ತುಂಬಿದ ಬೋಗುಣಿ. ಊರಿನಲ್ಲಿ ಸೈಕಲ್ ಕಲಿತವರೆಲ್ಲ ಅಲ್ಲಿಂದಲೇ ಕಲಿತವರು. ತಾತ ಸೀಟು ಇಳಿಸಿ, ಬ್ರೇಕ್ ಎರಡು ಸಲ ಒತ್ತಿ ನೋಡಿ, ಹುಡುಗರ ಕೈಗೆ ಕೊಟ್ಟು ಒಂದೇ ಮಾತು ಹೇಳುತ್ತಿದ್ದ.

"ಮುಂದೆ ನೋಡು. ಚಕ್ರ ನೋಡಬೇಡ."

ಅಷ್ಟೇ ಪಾಠ. ಇವನ ಮಾತು ಕೇಳಿಯೇ ಊರಿನ ಡಾಕ್ಟರೂ ಕಲಿತರು, ಪೋಸ್ಟ್‌ಮ್ಯಾನೂ ಕಲಿತ.

ಪಕ್ಕದಲ್ಲಿ ಟೈಲರ್ ಅಂಗಡಿ. ಆ ಟೈಲರಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಮೆಷಿನ್ ತುಳಿಯುತ್ತಲೇ ತಾತನನ್ನು ಕೆಣಕುತ್ತಿದ್ದ.

"ಯಜಮಾನ್ರೇ, ಇಪ್ಪತ್ತು ಸೈಕಲ್ ಇಟ್ಕೊಂಡು ಕಾಲ್ನಡಿಗೇಲಿ ಹೋಗೋ ಮನುಷ್ಯನ್ನ ನಾನು ನಿಮ್ಮೊಬ್ಬರನ್ನೇ ನೋಡಿದ್ದು."

"ಬೇರಿಂಗ್ ಸದ್ದು ಕೇಳ್ಬೇಕಪ್ಪ. ಮೇಲೆ ಕೂತರೆ ಕೇಳಿಸುತ್ತಾ?" ಅನ್ನುತ್ತಿದ್ದ ತಾತ.

ಊರು ಅದನ್ನು ನಂಬಿತ್ತು. ನಾನೂ ನಂಬಿದ್ದೆ.

ನನಗೆ ಹತ್ತು ವರ್ಷ ಆದಾಗಿನ ರಜೆ ಅದು. ಒಂದು ಸಂಜೆ ಶಾಲೆಯ ಡ್ರಿಲ್ ಮಾಸ್ತರು ಅಂಗಡಿಗೆ ಬಂದರು. ರಜೆಯಲ್ಲಿ ಅವರು ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಸೈಕಲ್ ರೇಸು ಇಡುತ್ತಿದ್ದರು. ಸೈಕಲ್ ತಾತನವೇ.

"ಈ ಸಲ ನೀವೇ ಉದ್ಘಾಟನೆ ತಾತ. ಮೈದಾನಕ್ಕೆ ಒಂದು ಸುತ್ತು ಹೊಡೀರಿ, ಆಮೇಲೆ ಮಕ್ಕಳ ರೇಸು. ಬೋರ್ಡಿನ ಮೇಲೂ ಬರೆದಾಯ್ತು."

ತಾತ ಒಂದು ನಟ್ಟನ್ನು ಬಿಗಿ ಮಾಡಿದ, ಸಡಿಲ ಮಾಡಿದ, ಮತ್ತೆ ಬಿಗಿ ಮಾಡಿದ. ಮಾಸ್ತರು ಅದನ್ನೇ ಒಪ್ಪಿಗೆ ಅಂತ ತಿಳಿದು ಹೊರಟುಹೋದರು.

ಮನೆಗೆ ಬಂದು ಊಟಕ್ಕೆ ಕೂತಾಗ ವಿಷಯ ಹೊರಬಿತ್ತು. ಅಜ್ಜಿ ಕೇಳಿದ್ದೇ ತಡ, ಸೌಟು ಕೆಳಗಿಟ್ಟು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ಯಾಕಜ್ಜಿ?" ಅಂದೆ.

"ನಿಮ್ಮ ತಾತಂಗೆ ಸೈಕಲ್ ಹೊಡೆಯೋಕೆ ಬರಲ್ಲ ಕಣೋ."

ತಾತ ತಲೆ ಎತ್ತಲಿಲ್ಲ. ಆಮೇಲೆ ತಾನೇ ಹೇಳಿದ. ಎಂಟು ವರ್ಷಕ್ಕೇ ಬೇರೆಯವರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು. ಗಿರಾಕಿಗಳ ಸೈಕಲ್ ಮೇಲೆ ಕೂತರೆ ಕೈ ಮುರೀತೀನಿ ಅಂತ ಅಲ್ಲಿನ ಮಾಲೀಕ ಹೇಳಿದ್ದ. ಹಾಗಾಗಿ ಕೂರಲಿಲ್ಲ. ಸ್ವಂತ ಅಂಗಡಿ ಹಾಕುವ ಹೊತ್ತಿಗೆ ಮೀಸೆ ಬಂದಿತ್ತು. ಮೀಸೆ ಬಂದ ಸೈಕಲ್ ಅಂಗಡಿಯವನು ಹುಡುಗರ ಎದುರಿಗೆ ದೊಪ್ಪೆಂದು ಬೀಳುವುದು ಹೇಗೆ? ಇವತ್ತು ಬೇಡ, ನಾಳೆ ಕಲಿತರಾಯಿತು ಅಂತ ನಲವತ್ತು ವರ್ಷ ಕಳೆದುಬಿಟ್ಟ.

"ಮಾಸ್ತರಿಗೆ ಹೋಗಿ ಹೇಳಿಬಿಡಿ, ಬರಲ್ಲ ಅಂತ," ಅಂದಳು ಅಜ್ಜಿ.

"ಹೇಗೆ ಹೇಳ್ಲಿ ಕಣೇ? ಬ್ರೇಕ್ ಸರಿಯಿದೆ, ಧೈರ್ಯವಾಗಿ ಹೋಗು ಅಂತ ಊರಿನ ಮಕ್ಕಳನ್ನೆಲ್ಲ ಕಳಿಸಿದೋನು ನಾನು. ನನಗೇ ಹತ್ತೋಕೆ ಬರಲ್ಲ ಅಂತ ಗೊತ್ತಾದ್ರೆ ನನ್ನ ಕೈಯಿಂದ ಯಾರು ಸೈಕಲ್ ಇಸ್ಕೋತಾರೆ?"

ಅಜ್ಜಿಯ ನಗು ನಿಂತಿತು. ಸೌಟು ಮತ್ತೆ ಕೈಗೆತ್ತಿಕೊಂಡು, "ಎಷ್ಟು ದಿನ ಇದೆ?" ಅಂದಳು.

"ಎಂಟು."

"ಸಾಕು. ಬೆಳಿಗ್ಗೆ ಬೇಗ ಏಳಿ."

ಅಜ್ಜಿಗೆ ಸೈಕಲ್ ಬರುತ್ತಿತ್ತು. ಮದುವೆಗೆ ಮುಂಚೆ ಮನೆಮನೆಗೆ ಹಾಲು ಹಾಕುತ್ತಿದ್ದವಳು. ಹ್ಯಾಂಡಲಿಗೆ ಎರಡು ಕ್ಯಾನು ಕಟ್ಟಿಕೊಂಡು, ಒಂದು ತೊಟ್ಟೂ ಚೆಲ್ಲದೆ ಹೋಗುತ್ತಿದ್ದಳಂತೆ. ಪಂಚರ್ ಹಾಕಿಸಲು ಬಂದಾಗಲೇ ತಾತ ಅವಳನ್ನು ಮೊದಲು ನೋಡಿದ್ದು.

ಊರಾಚೆ ಒಂದು ಗೋದಾಮು, ಅದರ ಹಿಂದೆ ಖಾಲಿ ಜಾಗ ಇತ್ತು. ಬೆಳಕು ಹರಿಯುವಾಗ ಮೂವರೂ ಅಲ್ಲಿ. ಅಜ್ಜಿ ಸೀಟು ಹಿಡಿದು ಹಿಂದೆ ಓಡುವುದು, ತಾತ ಮೇಲೆ ಕೂತು ಬೈಸಿಕೊಳ್ಳುವುದು, ಯಾರಾದರೂ ಬಂದರೆ ಶಿಳ್ಳೆ ಹಾಕುವುದು ನನ್ನ ಕೆಲಸ.

"ಬಿಡಬೇಡ ಕಣೇ."

"ಬಿಟ್ಟಿಲ್ಲ. ಚಕ್ರ ಯಾಕೆ ನೋಡ್ತೀರಿ? ನೀವೇ ತಾನೇ ಎಲ್ಲರಿಗೂ ಹೇಳೋದು?"

"ಹೇಳೋದು ಸುಲಭ."

"ಅದು ಇವತ್ತು ಗೊತ್ತಾಯ್ತಾ?"

ಎರಡು ದಿನ ಬರೀ ಬಿದ್ದ. ಮೂರನೇ ದಿನ ತರಚಿದ ಮೊಣಕೈ ಕಾಣಬಾರದೆಂದು ತುಂಬುತೋಳಿನ ಅಂಗಿ ಹಾಕಿಕೊಂಡು ಅಂಗಡಿಗೆ ಹೋದ. ಟೈಲರ್ ಬಿಡುತ್ತಾನೆಯೇ?

"ಈ ಸೆಕೇಲಿ ತುಂಬುತೋಳಾ? ಏನ್ ಯಜಮಾನ್ರೇ, ಮತ್ತೆ ಹೆಣ್ಣು ನೋಡೋಕೆ ಹೊರಟಿದ್ದೀರಾ?"

"ನಿನ್ನ ಹೊಲಿಗೆ ಚೆನ್ನಾಗಿದೆ ಅಂತ ಹಾಕ್ಕೊಂಡೆ. ಬಿಚ್ಚಲಾ?" ಅಂದ ತಾತ. ಟೈಲರ್ ಮತ್ತೆ ಮೆಷಿನ್ ತುಳಿದ.

ಆರನೇ ದಿನ ಅಜ್ಜಿ ಸೀಟು ಬಿಟ್ಟಳು. ತಾತನಿಗೆ ಗೊತ್ತೇ ಆಗಲಿಲ್ಲ. ಗೋದಾಮಿನ ಗೋಡೆಯವರೆಗೂ ಹೋಗಿ, ತಿರುಗಿಸಿಕೊಂಡು ಬಂದ. ಎದುರಿಗೆ ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ಆಗ ತಾತನ ಮುಖ ನೋಡಬೇಕಿತ್ತು. ಹತ್ತಿರ ಬಂದಾಗ ಅಜ್ಜಿ ಎಂದಿನಂತೆ ಸೀಟು ಹಿಡಿದು ನಿಲ್ಲಿಸಿದಳು, ಅವನು ಇಳಿದ. ಇನ್ನೆರಡು ದಿನವೂ ಹಾಗೇ ನಡೆಯಿತು. ಅದರಲ್ಲಿ ಒಂದು ತಪ್ಪು ಉಳಿದುಕೊಂಡಿದ್ದು ನಮ್ಮ ಮೂವರಿಗೂ ಹೊಳೆಯಲಿಲ್ಲ.

ರೇಸಿನ ದಿನ ಮೈದಾನದ ತುಂಬ ಜನ. ವೇದಿಕೆಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಾತ ಸೈಕಲ್ ಹತ್ತಿದ. ಮಾಸ್ತರು ಸೀಟಿ ಊದಿದರು. ತಾತ ಹೊರಟ. ಬೆನ್ನು ನೆಟ್ಟಗೆ, ಕಣ್ಣು ಮುಂದೆ. ಒಂದು ಸುತ್ತು ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ತಾತ ಮೆಟ್ಟಿಲ ಕಡೆ ನೋಡಿದ, ನಿಲ್ಲಿಸದೆ ಮುಂದೆ ಹೋದ.

ಎರಡನೇ ಸುತ್ತಿಗೆ ಮಾಸ್ತರು ಮೈಕಿನಲ್ಲಿ, "ನಮ್ಮ ಹಿರಿಯರ ಹುಮ್ಮಸ್ಸು ನೋಡಿ," ಅಂದರು.

ಮೂರನೇ ಸುತ್ತಿಗೆ, ಸೈಕಲ್ ಹಿಡಿದು ಕಾಯುತ್ತಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

ನಾಲ್ಕನೇ ಸುತ್ತಿನಲ್ಲಿ ತಾತ, ಅಜ್ಜಿ ನಾನು ನಿಂತಿದ್ದ ಕಡೆ ಬಂದ. ಅಂಗಿ ಒದ್ದೆಯಾಗಿತ್ತು. ಮೆಲ್ಲಗೆ, ನಮ್ಮಿಬ್ಬರಿಗಷ್ಟೇ ಕೇಳುವ ಹಾಗೆ ಅಂದ.

"ಲೇ, ಇಳಿಯೋದು ಹೇಗೆ?"

ಅಜ್ಜಿ ಹಣೆ ಚಚ್ಚಿಕೊಂಡಳು. ಚಪ್ಪಲಿ ಬಿಟ್ಟಳು. ಪಕ್ಕದಲ್ಲಿದ್ದ ಹುಡುಗಿಯ ಕೈಯಿಂದ ಸೈಕಲ್ ಕಿತ್ತುಕೊಂಡಳು. ಒಂದು ಕಾಲು ಪೆಡಲ್ ಮೇಲಿಟ್ಟು ಎರಡು ಹೆಜ್ಜೆ ಓಡಿ, ಹಾರಿ ಕೂತಳು. ಊರು ಬಾಯಿ ಬಿಟ್ಟುಕೊಂಡು ನೋಡಿತು. ಅರ್ಧ ಸುತ್ತಿನಲ್ಲಿ ತಾತನನ್ನು ಹಿಡಿದಳು. ಅವನ ಭುಜದ ಮೇಲೆ ಕೈ ಇಟ್ಟಳು.

"ತುಳಿಯೋದು ನಿಲ್ಸಿ. ಬ್ರೇಕ್ ಮೆಲ್ಲಗೆ. ಎಡಗಾಲು ಕೆಳಗೆ ಬಿಡಿ. ನಾನಿದ್ದೀನಿ."

ಸೈಕಲ್ ವಾಲಿತು, ನಿಂತಿತು. ತಾತ ನೆಲದ ಮೇಲಿದ್ದ.

ಚಪ್ಪಾಳೆಯೋ ಚಪ್ಪಾಳೆ. ಮೊದಲೇ ಮಾತಾಡಿಕೊಂಡು ಮಾಡಿದ ಆಟ ಅಂತಲೇ ಎಲ್ಲರೂ ತಿಳಿದರು. ಮಾಸ್ತರು, "ಇದು ನೋಡಿ ನಲವತ್ತು ವರ್ಷದ ಅನುಭವ," ಅಂದರು. ಅಲ್ಲಿಗೆ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ತಾತ ಕೈ ಚಾಚಿ ಮೈಕು ಇಸಿದುಕೊಂಡ.

"ಎಂಟು ದಿನದ್ದು," ಅಂದ. "ಎಂಟು ದಿನದಿಂದ ಗೋದಾಮಿನ ಹಿಂದೆ ಕಲೀತಿದ್ದೀನಿ. ಇಳಿಯೋದು ಬರದೆ ಸುತ್ತುತಾ ಇದ್ದೆ. ಬ್ರೇಕ್ ವಿಷಯದಲ್ಲಿ ನಿಮ್ಮ ಮಕ್ಕಳಿಗೆ ಯಾವತ್ತೂ ಸುಳ್ಳು ಹೇಳಿಲ್ಲ. ಇದರಲ್ಲೂ ಬೇಡ."

ಮೈಕು ವಾಪಸು ಕೊಟ್ಟು ಬಂದು ನನ್ನ ಪಕ್ಕ ಕೂತ. ಯಾರೋ ನಕ್ಕರು. ಮಕ್ಕಳ ರೇಸು ಶುರುವಾಯಿತು.

ಮಾರನೇ ಬೆಳಿಗ್ಗೆ ಅಂಗಡಿ ತೆರೆದು ತಾತ ಇಪ್ಪತ್ತೂ ಸೈಕಲ್ ಒರೆಸಿ ಸಾಲಾಗಿ ನಿಲ್ಲಿಸಿದ. ಬೀದಿಯ ಕಡೆ ನೋಡಿದ. ಯಾರೂ ಇಲ್ಲ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ.

ಆಗ ಪಕ್ಕದ ಮೆಷಿನ್ ಸದ್ದು ನಿಂತಿತು. ಟೈಲರ್ ಎದ್ದು ಬಂದ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ.

"ಯಜಮಾನ್ರೇ, ಆ ಗೋದಾಮಿನ ಹಿಂದಿನ ಜಾಗ ಬೆಳಿಗ್ಗೆ ಖಾಲಿ ಇರುತ್ತಾ?"

"ಯಾಕಪ್ಪ?"

"ನನಗೂ ಬರಲ್ಲ."

ತಾತ ಅವನನ್ನು ಮೇಲಿಂದ ಕೆಳಗೆ ನೋಡಿದ. ನಗಲಿಲ್ಲ. ಸಾಲಿನಿಂದ ಒಂದು ಸೈಕಲ್ ಎಳೆದು, ಸೀಟು ಇಳಿಸಿ, ಬ್ರೇಕ್ ಎರಡು ಸಲ ಒತ್ತಿ ನೋಡಿ ಅವನ ಕೈಗೆ ಕೊಟ್ಟ.

"ಹತ್ತೋದು ನಾನು ಹೇಳಿಕೊಡ್ತೀನಿ," ಅಂದ. "ಇಳಿಯೋದಕ್ಕೆ ನಮ್ಮ ಮನೆಯವಳನ್ನ ಕೇಳ್ಬೇಕು."