ಎಂಟನೇ ನಂಬರಿನವನ ಮೊಣಕಾಲು

ನಾನು ಮಳವಳ್ಳಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದೆ. ಸರ್ಕಾರಿ ಕಾಗದದಲ್ಲಿ ದೈಹಿಕ ಶಿಕ್ಷಣ ಶಿಕ್ಷಕ, ಊರವರ ಬಾಯಲ್ಲಿ ಡ್ರಿಲ್ ಮೇಷ್ಟ್ರು, ಮಕ್ಕಳ ಬಾಯಲ್ಲಿ, ನನಗೆ ಕೇಳಿಸದ ಹಾಗೆ, ಪೀಪಿ. ಅಷ್ಟು ವರ್ಷವೂ ನಾನು ಅರ್ಜೆಂಟೀನಾ ದೇಶದ ಒಬ್ಬ ಫುಟ್‌ಬಾಲ್ ಆಟಗಾರನ ಕತೆ ಹೇಳುತ್ತಾ ಬಂದೆ. ಅದರಲ್ಲಿ ಮುಕ್ಕಾಲು ಪಾಲು ಸುಳ್ಳು. ಅದನ್ನು ಬರೆಯೋಣವೆಂದು ಕೂತಿದ್ದೇನೆ. ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಅವನು ನನಗೆ ಸಿಕ್ಕಿದ್ದು ಮೈಸೂರಿನ ಒಂದು ಹಳೇ ಪುಸ್ತಕದಂಗಡಿಯಲ್ಲಿ. ನಾನಾಗ ಅಲ್ಲಿ ಟ್ರೈನಿಂಗ್ ಓದುತ್ತಿದ್ದೆ. ಯಾವುದೋ ಇಂಗ್ಲಿಷ್ ಕ್ರೀಡಾ ಪತ್ರಿಕೆಯ ನಡುಪುಟದಲ್ಲಿ ಅವನ ಬಣ್ಣದ ಚಿತ್ರವಿತ್ತು. ತಿಳಿನೀಲಿ ಬಿಳಿ ಪಟ್ಟೆಯ ಅಂಗಿ, ಎಂಟನೇ ನಂಬರು, ಮೊಣಕಾಲಿಗೆ ದಪ್ಪಗೆ ಸುತ್ತಿದ ಬಟ್ಟೆ, ಎರಡೂ ಕೈ ಮೇಲಕ್ಕೆ. ಕೆಳಗೆ ಎರಡೇ ಸಾಲು: ಇಂಥ ದೇಶದವನು, ಮೈದಾನದ ಮಧ್ಯದಲ್ಲಿ ಆಡುವವನು, ಮೊಣಕಾಲಿನ ಪೆಟ್ಟನ್ನು ಗೆದ್ದು ಬಂದವನು. ನಾನೂ ಕಾಲೇಜು ತಂಡದಲ್ಲಿ ಮಧ್ಯದಲ್ಲೇ ಆಡುತ್ತಿದ್ದೆ. ಹಿಂದಿನವರಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ಕೊಡುವ ಕೆಲಸ. ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ, ಚೆಂಡು ಕೊಟ್ಟವನನ್ನು ನೀರು ಕುಡಿದೆಯಾ ಎಂದೂ ಕೇಳುವುದಿಲ್ಲ. ಅದಕ್ಕೇ ಇರಬೇಕು, ಅವನು ನನಗೆ ಹಿಡಿಸಿಬಿಟ್ಟ. ಆ ಪುಟ ಹರಿದು ಇಟ್ಟುಕೊಂಡೆ.

ನಮ್ಮ ಕಡೆ ಕಬಡ್ಡಿ, ವಾಲಿಬಾಲ್ ಬಿಟ್ಟರೆ ಆಟವೇ ಇಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಫುಟ್‌ಬಾಲಿಗೆ ನಾನೇ ಗೌಡ. ಏನು ಹೇಳಿದರೂ ತಪ್ಪು ಅನ್ನುವವರಿಲ್ಲ. ಮೊದಲ ವರ್ಷ, ಅವರಪ್ಪ ಕಬ್ಬು ಕಡಿಯುವ ಕೂಲಿ ಎಂದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಮರುವರ್ಷ ಊರಾಚೆ ಒಂದು ಆಲೆಮನೆ ಕಟ್ಟಿಸಿ, ಅವನನ್ನು ಬೆಲ್ಲದ ಕೊಪ್ಪರಿಗೆ ಪಕ್ಕದಲ್ಲಿ ಆಡಲು ಬಿಟ್ಟೆ. ಉಪ್ಪು ಖಾರ ಹಾಕುತ್ತಾ ಹಾಕುತ್ತಾ ಕೊನೆಗೆ ಮೊಣಕಾಲಿಗೆ ಬಂದೆ. ದೊಡ್ಡ ಫೈನಲ್‌ಗೆ ಹತ್ತು ದಿನ ಇರುವಾಗ ಅವನ ಮೊಣಕಾಲು ಮುರಿಯಿತು, ಅವನವ್ವ ಹಳೇ ಸೀರೆ ಹರಿದು ಬಿಗಿಯಾಗಿ ಕಟ್ಟಿದಳು, ಅವನು ಹಲ್ಲು ಕಚ್ಚಿ ಆಡಿ ಗೆದ್ದ, ಇಗೋ ಚಿತ್ರ. ಅರ್ಜೆಂಟೀನಾದಲ್ಲಿ ಸೀರೆ ಎಲ್ಲಿಂದ ಬಂತು ಎಂದು ಒಂದು ಮಗುವೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ನನ್ನ ಸರ್ವಿಸ್ಸಿನ ನಡುವಿನಲ್ಲಿ ಹುಡುಗಿಯರ ತಂಡ ಕಟ್ಟಿದೆ. ಅದರಲ್ಲಿ ಒಬ್ಬಳಿದ್ದಳು, ಹಲಗೂರು ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವಳು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಚೆಂಡು ಕಾಲಿಗೆ ಬರುವ ಮೊದಲೇ ಯಾರಿಗೆ ಕೊಡಬೇಕು ಎಂದು ಆ ಹುಡುಗಿಗೆ ಗೊತ್ತಿರುತ್ತಿತ್ತು. ಅದು ಕಲಿಸಿ ಬರುವುದಲ್ಲ, ನನಗಂತೂ ಬಂದಿರಲಿಲ್ಲ. ಎಂಟನೇ ನಂಬರಿನ ಅಂಗಿ ಅವಳಿಗೇ ಕೊಟ್ಟೆ. ಕ್ರೀಡಾ ಕೋಟಾದಲ್ಲಿ ಪೊಲೀಸ್ ಆಗಬೇಕೆಂಬುದು ಅವಳ ಒಂದೇ ಆಸೆ. ಮಂಡ್ಯದಲ್ಲಿ ನಡೆಯುವ ಜಿಲ್ಲಾ ಫೈನಲ್‌ಗೆ ರಾಜ್ಯ ತಂಡಕ್ಕೆ ಆರಿಸುವವರು ಬರುತ್ತಾರೆ ಎಂದು ನಾನೇ ಹೇಳಿದ್ದೆ.

ಫೈನಲ್‌ಗೆ ಎರಡು ವಾರ ಇರುವಾಗ ಅವಳು ಬಿದ್ದಳು. ಶಾಲೆಯ ಮೈದಾನದಲ್ಲಿ ಯಾವುದೋ ಸಮಾರಂಭಕ್ಕೆ ಶಾಮಿಯಾನ ಹಾಕಿದ್ದವರು ಗೂಟ ಕಿತ್ತ ಗುಂಡಿಗಳನ್ನು ಹಾಗೇ ಬಿಟ್ಟು ಹೋಗಿದ್ದರು. ಓಡುವಾಗ ಒಂದರೊಳಗೆ ಕಾಲು ಹೋಗಿ ಮೊಣಕಾಲು ತಿರುಚಿಕೊಂಡಿತು. ಮೈದಾನ ನೋಡಿಕೊಳ್ಳಬೇಕಾದವನು ನಾನು, ಆ ಮಾತು ಇರಲಿ. ಅವಳ ತಾಯಿ ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅವರು ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟು ಕಟ್ಟಿ, ಇಪ್ಪತ್ತೊಂದು ದಿನ ಬಿಚ್ಚಕೂಡದು ಎಂದರು. ಎಕ್ಸ್‌ರೇ ತೆಗೆಸಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ತೆಗೆಸಿದರೆ ಏನು ಕಾಣಿಸುತ್ತದೋ ಎಂಬ ಭಯ.

ಫೈನಲ್‌ನ ಹಿಂದಿನ ದಿನ ತಾಯಿ ಮಗಳು ಇಬ್ಬರೂ ನನ್ನ ರೂಮಿಗೆ ಬಂದರು. ಹುಡುಗಿ ಗೋಡೆ ಹಿಡಿದುಕೊಂಡೇ ಒಳಗೆ ಬಂದಳು.

"ಆಡ್ಲಾ ಸಾ?" ಅಂದಳು.

ತಾಯಿ, "ನೀವೇ ಯೋಳಿ ಮೇಷ್ಟ್ರೇ. ನಿಮ್ಮಾತು ಅಂದ್ರೆ ಇವ್ಳಿಗೆ ವೇದವಾಕ್ಯ. ನಾನು ಯೋಳುದ್ರೆ ಎಲ್ಲಿ ಕೇಳ್ತಾಳೆ" ಅಂದರು.

ಉತ್ತರ ನನಗೆ ಗೊತ್ತಿತ್ತು. ಅಷ್ಟೂ ಗೊತ್ತಿಲ್ಲದೆ ಸರ್ಕಾರ ಸಂಬಳ ಕೊಡುತ್ತದೆಯೇ? ಆದರೆ ಗೆದ್ದು ಬಂದರೆ ಶಾಲಾ ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನ ಎಂದು ಹೆಡ್‌ಮಾಸ್ಟರ್ ಆಗಲೇ ಹೇಳಿಬಿಟ್ಟಿದ್ದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಜೀವಮಾನವೆಲ್ಲ ಇನ್ನೊಬ್ಬರಿಗೆ ಚೆಂಡು ಕೊಟ್ಟುಕೊಂಡೇ ಇದ್ದವನ ತಲೆಗೆ ಆ ಪೇಟ ಒಂದು ಸಲ ಬರಲಿ ಎಂದು ಮನಸ್ಸು ಹಪಹಪಿಸುತ್ತಿತ್ತು. ಅವಳಿಲ್ಲದೆ ಗೆಲ್ಲುವುದಿಲ್ಲ ಎಂದು ಗೊತ್ತಿತ್ತು. ಆಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಗೋಡೆಯ ಮೇಲಿನ ಚಿತ್ರ ತೋರಿಸಿ, ಅವಳು ಹತ್ತು ಸಲ ಕೇಳಿದ್ದ ಕತೆಯನ್ನು ಹನ್ನೊಂದನೇ ಸಲ ಹೇಳಿದೆ.

ಕತೆ ಮುಗಿದ ಮೇಲೆ ಅವಳು ಬೆಂಚಿನ ಮೇಲೆ ಕೂತು ಕಟ್ಟು ಕತ್ತರಿಸಿದಳು. ಮೇಜಿನ ಮೇಲಿದ್ದ ಕತ್ತರಿಯನ್ನು ಅವಳೇ ತೆಗೆದುಕೊಂಡಳು ಎಂದು ಹೆಂಡತಿಗೆ ಹೇಳಿದ್ದೇನೆ, ಸಹೋದ್ಯೋಗಿಗಳಿಗೆ ಹೇಳಿದ್ದೇನೆ, ನನಗೂ ಹೇಳಿಕೊಂಡಿದ್ದೇನೆ. ಅಲ್ಲ. ಕತ್ತರಿ ಮೇಜಿನ ಡ್ರಾಯರಿನಲ್ಲಿತ್ತು. ನಾನೇ ತೆಗೆದುಕೊಟ್ಟೆ.

ಮಂಡ್ಯದಲ್ಲಿ ಮೊದಲರ್ಧ ಚೆನ್ನಾಗಿಯೇ ಆಡಿದಳು. ನಾವು ಗೆದ್ದ ಆ ಒಂದೇ ಗೋಲಿಗೆ ಚೆಂಡು ಕೊಟ್ಟವಳೂ ಅವಳೇ. ದ್ವಿತೀಯಾರ್ಧದಲ್ಲಿ, ಹತ್ತಿರ ಯಾರೂ ಇರಲಿಲ್ಲ, ಸುಮ್ಮನೆ ತಿರುಗಿದಳು, ಕುಸಿದಳು. ಗೆರೆಯಾಚೆ ನಿಂತಿದ್ದ ನನಗೆ ಕಾಲಿನ ಸದ್ದು ಕೇಳಿಸಿತು. ಹಸಿ ಕಬ್ಬು ಮುರಿದಂಥ ಸದ್ದು. ಅವಳು ಅಳಲಿಲ್ಲ. ಆಟ ನೋಡಲು ಬಂದಿದ್ದ ತಾಯಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಹುಮಾನ ವಿತರಣೆ ಇತ್ತಲ್ಲ, ನಾನು ಮೈದಾನದಲ್ಲೇ ಉಳಿದೆ.

ಪೇಟ ಹಾಕಿಸಿಕೊಂಡ ಫೋಟೋ ನಮ್ಮ ಮನೆಯ ಹಜಾರದಲ್ಲಿದೆ. ಇಡೀ ತಂಡ ಅದರಲ್ಲಿದೆ, ಎಂಟನೇ ನಂಬರ್ ಒಂದು ಬಿಟ್ಟು. ಆ ಹೊತ್ತಿಗೆ ಅವಳು ಮೈಸೂರಿನಲ್ಲಿ ಆಪರೇಷನ್ ಆಗಿ ಮಲಗಿದ್ದಳು. ಕಾಲು ಕೂಡಿಕೊಂಡಿತು, ಓಟ ಬರಲಿಲ್ಲ. ಓಟ ಬರದೆ ಪೊಲೀಸ್ ಕೆಲಸ ಎಲ್ಲಿಯದು? ಕೆಲವು ವರ್ಷದ ಮೇಲೆ ಅವಳಪ್ಪ ಸರ್ವಿಸ್ಸಿನಲ್ಲೇ ತೀರಿಕೊಂಡರು. ಅನುಕಂಪದ ಮೇಲೆ ಅವಳಿಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಮೆಡಿಕಲ್‌ನಲ್ಲಿ ಹೇಗೋ ಪಾಸಾದಳು. ಮಳವಳ್ಳಿ ಮದ್ದೂರು ಬಸ್ಸು. ದಿನವಿಡೀ ನಿಂತುಕೊಂಡೇ ಮಾಡುವ ಕೆಲಸ.

ಆ ಬಸ್ಸು ಬಂದರೆ ನಾನು ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನ್ನನ್ನು ಯಾರೂ ಕಳ್ಳ ಅನ್ನದಿದ್ದರೂ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಅವಳು ಮಾತ್ರ ಫುಟ್‌ಬೋರ್ಡಿನಿಂದಲೇ "ನಮಸ್ಕಾರ ಸಾ" ಅನ್ನುತ್ತಿದ್ದಳು. ಇಷ್ಟಾದರೂ ನಾನು ಕತೆ ನಿಲ್ಲಿಸಲಿಲ್ಲ. ಇನ್ನೂ ಹೇಸಿಗೆಯ ಮಾತು ಹೇಳುತ್ತೇನೆ: ಕತೆಯ ಬಾಲಕ್ಕೆ ಅವಳನ್ನೂ ಕಟ್ಟಿದೆ. "ನಮ್ಮ ಶಾಲೆಯಲ್ಲೂ ಒಬ್ಬಳಿದ್ದಳು ಕಣ್ರೋ, ಕಟ್ಟು ಕಿತ್ತೆಸೆದು ಆಡಿ ಗೆಲ್ಲಿಸಿದಳು" ಎಂದು. ಆಮೇಲೆ ಅವಳಿಗೆ ಏನಾಯಿತು ಎಂದು ಮಕ್ಕಳು ಕೇಳುವ ಮೊದಲೇ ಪೀಪಿ ಊದಿಬಿಡುತ್ತಿದ್ದೆ.

ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಈ ವರ್ಷ ಒಂದು ಬೆಳಗ್ಗೆ, ತಿಂಡಿ ಮುಗಿಸಿ ಜಗಲಿಯಲ್ಲಿ ಫೋನು ನೋಡುತ್ತಿದ್ದಾಗ ಒಂದು ವಿಡಿಯೋದಲ್ಲಿ ನನ್ನ ಎಂಟನೇ ನಂಬರಿನವನು ಬಂದ. ಹೆಸರು ನೋಡಿದ ಮೇಲೇ ಗುರುತಾದದ್ದು. ತಲೆ ಬೆಳ್ಳಗಾಗಿದೆ, ನಾಯಿಯೊಂದು ಕಾಲ ಬಳಿ ಮಲಗಿದೆ, ಸೋರೆ ಬುರುಡೆಯಂಥ ಲೋಟಕ್ಕೆ ಕೊಳವೆ ಇಟ್ಟು ಏನನ್ನೋ ಹೀರುತ್ತಿದ್ದಾನೆ. ಯಾರೋ ಸಂದರ್ಶನ ಮಾಡುತ್ತಿದ್ದರು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಅವನಪ್ಪ ಪಟ್ಟಣದಲ್ಲಿ ಹಲ್ಲಿನ ಡಾಕ್ಟರಂತೆ. ನನ್ನ ಆಲೆಮನೆ ಅಲ್ಲಿಗೇ ಬಿತ್ತು. ನನಗೆ ನಗು ಬಂತು.

ಮೊಣಕಾಲಿನ ಮಾತು ಬಂದಾಗ ನಗು ನಿಂತಿತು. ಪೆಟ್ಟಾದ ಮೇಲೆ ಒಂದೂವರೆ ವರ್ಷ ಅವನು ಮೈದಾನಕ್ಕೇ ಇಳಿದಿಲ್ಲ. ಆ ವರ್ಷದ ದೊಡ್ಡ ಫೈನಲ್ ನೋಡಿದ್ದು ಗ್ಯಾಲರಿಯಲ್ಲಿ ಕೂತು. ನನ್ನ ಹತ್ತಿರ ಇರುವ ಚಿತ್ರ ಯಾವುದೋ ಸಣ್ಣ ಪಂದ್ಯದ್ದು, ವಾಸಿಯಾದ ಮೇಲೆ ಮೊದಲ ಸಲ ಆಡಿದ್ದು. "ಆಡುತ್ತೇನೆ ಎಂದು ಕೋಚ್ ಹತ್ತಿರ ಅತ್ತೆ. ಆತ ಬೇಡ ಅಂದ. ಆರು ತಿಂಗಳು ಆತನ ಜೊತೆ ಮಾತು ಬಿಟ್ಟೆ. ಆತ ಬೇಡ ಅಂದದ್ದಕ್ಕೆ ಮುಂದೆ ಒಂಬತ್ತು ವರ್ಷ ಆಡಿದೆ" ಎಂದ. ಆಮೇಲೆ ನಾಯಿ ಎದ್ದು ಓಡಿತು, ಅವನೂ ಕುರ್ಚಿಯ ಕೈ ಹಿಡಿಯದೆ ಎದ್ದು ಅದರ ಹಿಂದೆ ಓಡಿದ. ಅಷ್ಟು ವಯಸ್ಸಾದವನು ಓಡಿದ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ನನ್ನ ಮಾತು ಒಂದು ಹುಡುಗಿಯ ಕಾಲು ಕೆಡಿಸಿತು. ಹೋಗಿ ಹೇಳಿಬಿಡಬೇಕು ಅನ್ನಿಸಿತು. ಅನ್ನಿಸಿದ ಮೇಲೂ ಎಂಟು ದಿನ ಸುಮ್ಮನಿದ್ದೆ.

ಒಂಬತ್ತನೇ ದಿನ ಮಳವಳ್ಳಿ ಸ್ಟ್ಯಾಂಡಿನಲ್ಲಿ ಅವಳ ಬಸ್ಸಿಗೇ ಕಾದು ಹತ್ತಿದೆ. ಕೆ.ಎಂ. ದೊಡ್ಡಿಯವರೆಗೂ ಬಸ್ಸಿನ ತುಂಬ ಹೆಂಗಸರು. ಅಲ್ಲಿ ಅರ್ಧ ಖಾಲಿಯಾಯಿತು. ಅವಳು ನನ್ನ ಪಕ್ಕ ಬಂದು, ಬಲಗಾಲನ್ನು ದಾರಿಗೆ ಉದ್ದಕ್ಕೆ ಚಾಚಿ ಕೂತಳು. ಅದು ಮಡಚುವುದಿಲ್ಲ.

ನಾನು ಎಲ್ಲ ಹೇಳಿದೆ. ಕಬ್ಬು ಕಡಿಯುವ ಅಪ್ಪ ಇರಲಿಲ್ಲ, ಆಲೆಮನೆ ಇರಲಿಲ್ಲ, ಅವನು ಆ ಫೈನಲ್ ಆಡಲೇ ಇಲ್ಲ, ನನ್ನ ಸುಳ್ಳು ಕತೆ ನಂಬಿ ನೀನು ಕಟ್ಟು ಬಿಚ್ಚಿದೆ ಎಂದು. ತಪ್ಪಾಯಿತು ಕಣಮ್ಮ ಎಂದೆ. ನಿಜ ಹೇಳಬೇಕೆಂದರೆ, ಅಷ್ಟು ಹೇಳಿದ್ದಕ್ಕೆ ಎದೆ ಹಗುರವಾಗಲು ಶುರುವಾಗಿತ್ತು.

ಅವಳು ಟಿಕೆಟ್ ಮಿಷನ್ನಿನ ಪಟ್ಟಿ ಸರಿಮಾಡಿಕೊಂಡಳು. "ಅದು ಸುಳ್ಳು ಅಂತ ನಂಗೆ ಆಗ್ಲೇ ಗೊತ್ತಿತ್ತು ಬುಡಿ ಸಾ. ಅವ್ರವ್ವ ಸೀರೆ ಅರ್ದು ಕಟ್ಟುದ್ಲು ಅಂದ್ರಲ್ಲ, ಆ ದೇಸದಲ್ಲಿ ಸೀರೆ ಯಾರು ಉಡ್ತಾರೆ? ನಾವೆಲ್ಲ ನಗ್ತಿದ್ದೊ."

"ಮತ್ತೆ ಯಾಕಮ್ಮ ಆಡಿದೆ?"

"ನಾನು ಆಡ್ಲಾ ಅಂತ ಕೇಳ್ದೆ ಸಾ. ಕಾಲು ಅಂಗೆ ಸಿಡೀತಿತ್ತು. ನಾನೇ ಆಡಲ್ಲ ಅಂದ್ರೆ ಎದ್ರುಕೊಂಡ್ಲು ಅಂತಾರೆ. ನೀವು ಬ್ಯಾಡ ಅಂದುಬುಟ್ರೆ ಸಾಕು, ಮನೇಗೋಗಿ ಮಲಗ್ತೀನಿ ಅಂತ ಕಾಯ್ತಿದ್ದೆ. ಕತೆ ಯೋಳುವಾಗ್ಲೂ ಕಾಯ್ತಿದ್ದೆ. ನೀವು ಡ್ರಾಯರ್ ತೆಗುದ್ರಲ್ಲ, ಆಗ ಗೊತ್ತಾಯ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಿಡಿದುಕೊಳ್ಳಲು ನನಗೂ ಏನಾದರೂ ಇರುತ್ತಿತ್ತು. ಇಷ್ಟು ವರ್ಷ ಆ ದೂರದ ಮನುಷ್ಯನ ಮೊಣಕಾಲಿನ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಅದೂ ಹೋಯಿತು.

ಮದ್ದೂರು ಬಂತು. ಅವಳು ಸೀಟಿ ಊದಿದಳು. ನಾನು ಮೊದಲು ಇಳಿದು ನಿಂತೆ. ಎಲ್ಲರೂ ಇಳಿದ ಮೇಲೆ ಅವಳು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಬಲಗಾಲು ಮೊದಲಿಟ್ಟು ಇಳಿಯತೊಡಗಿದಳು. ನಾನು ಕೈ ಚಾಚಿದೆ.

"ಬ್ಯಾಡ ಸಾ" ಅಂದಳು.

ಒಂದೇ ಮಾತು. ಅಂದು ನನ್ನ ಬಾಯಿಂದ ಬರಲೆಂದು ಅವಳು ಕಾಯುತ್ತಿದ್ದದ್ದೂ ಅಷ್ಟೇ.