ತಡವಾಗಿ ಬಂದ ಮುಟ್ಟು

ಬೆಳಗೋಡಿನ ಸಮೀಪದ ನನ್ನ ತವರಿನಲ್ಲಿ, ಮುಟ್ಟಾದ ಹೆಂಗಸು ಕಾಫಿ ಒಣಗಿಸುವ ಕಣಕ್ಕೆ ಇಳಿಯುವಂತಿಲ್ಲ. ಆದ್ದರಿಂದ ಕೊಯ್ಲಿನ ಕಾಲದಲ್ಲಿ, ಮನೆಯ ಸೊಸೆ ಯಾವಾಗ ಹೊರಗಾದಳೆಂಬುದು ಆಳುಗಳಿಗೂ ಗೊತ್ತಿರುತ್ತದೆ. ನನ್ನ ತಮ್ಮನ ಹೆಂಡತಿಯ ತಲೆ ಒಡೆದದ್ದು ಆ ಕಣದ ಮೇಲೆಯೇ.

ಅವಳ ಹೆಣ್ಣುಮಗು ಇನ್ನೂ ತೊಟ್ಟಿಲಲ್ಲಿತ್ತು. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದ ವೈದ್ಯೆ, ಇಷ್ಟು ಬೇಗ ಮತ್ತೆ ಬಸಿರಾದರೆ ಜೀವಕ್ಕೇ ಅಪಾಯವೆಂದು ಎಚ್ಚರಿಸಿದ್ದರು. ತಮ್ಮ ಆ ಮಾತನ್ನು ಕೇಳಿಸಿಕೊಂಡಿದ್ದ, ಪಾಲಿಸಲಿಲ್ಲ. ನಾನು ಕೊಯ್ಲಿಗೆಂದು ಹೋಗಿದ್ದಾಗ, ಒಂದು ಬೆಳಿಗ್ಗೆ ಅವಳು ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಮಣಿಕಟ್ಟಿನ ಮೇಲೆ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು.

"ಅಕ್ಕ, ಬ್ಯಾಡ ಅಂದ್ರೂ ಬಿಡ್ಲಿಲ್ಲ. ಏನಾರ ಮಾತ್ರೆ ಐತಾ?"

ಅಂದೇ ಸಕಲೇಶಪುರದಿಂದ ತುರ್ತು ಗರ್ಭನಿರೋಧಕ ಮಾತ್ರೆಯನ್ನು ತಂದುಕೊಟ್ಟೆ. ಮುಂದಿನ ಮುಟ್ಟು ಬೇಗ ಬರಬಹುದು, ತಡವಾಗಬಹುದು, ಹೆಚ್ಚು ಹೋಗಬಹುದು. ವಾರಕ್ಕಿಂತ ತಡವಾದರೆ ಮಾತ್ರ ಪರೀಕ್ಷೆ ಮಾಡಿಸಬೇಕೆಂದು ಔಷಧಿ ಅಂಗಡಿಯಾಕೆ ಹೇಳಿದ್ದನ್ನು ಅವಳಿಗೆ ತಿಳಿಸಿ, ನನ್ನ ಮನೆಗೆ ಮರಳಿದೆ.

ಮುಟ್ಟು ಐದಾರು ದಿನ ತಡವಾಯಿತು. ಹೊರಗಿರಬೇಕಾದ ದಿನಗಳಲ್ಲಿ ಸೊಸೆ ಕಣದಲ್ಲಿ ಕಾಫಿ ಹರವುತ್ತಿದ್ದುದನ್ನು ಕಂಡ ಅವ್ವ, ಬಸಿರೆಂದೇ ನಿಶ್ಚಯಿಸಿ ನೆಂಟರಿಗೆಲ್ಲ ಫೋನು ಮಾಡಿದಳು. "ಅದಲ್ಲ ಅತ್ತೆ" ಎಂದರೆ, "ನಾಚ್ಕೆ ನೋಡು ಇವ್ಳಿಗೆ! ಈ ಸಲ ಗಂಡೇ ಕಣೇ" ಎಂದು ನಕ್ಕಳಂತೆ. ಸೊಸೆ ಹೆದರಿ ನನಗೆ ಫೋನು ಮಾಡಿದಳು. ಅವ್ವನಿಗೆ ತಿಳಿಹೇಳಲೆಂದು ನಾನು ಅಂಗಳಕ್ಕೆ ಕಾಲಿಡುವಷ್ಟರಲ್ಲಿ, ನಡುಹಗಲಲ್ಲಿ, ಕಣದ ನಡುವೆ ಸೊಸೆಗೆ ರಕ್ತ ಹೋಗತೊಡಗಿತ್ತು. ಸೀರೆ ನೆನೆದು, ಪಾದದಿಂದ ಇಳಿದು, ಒಣಗುತ್ತಿದ್ದ ಹಣ್ಣಿನ ಮೇಲೆ ಹರಡಿತ್ತು.

"ಕಣಾನೂ ಕೆಡಿಸಿದ್ಳು, ಬಸರೂ ಹೋಗ್ಬುಡ್ತು!" ಎಂದು ಅವ್ವ ಬಾಯಿ ಬಡಿದುಕೊಂಡಳು.

"ಏನ್ ತಿಂದು ತೆಗ್ಸಿದ್ಯೇ, ಬೊಗಳೇ!" ತಮ್ಮ ಅವಳ ಜಡೆಯನ್ನು ಸುತ್ತಿ ಎಳೆದು ಕೆಡವಿದ. ಕಾಫಿ ಹರವುವ ಹಲಗೆಯ ಉದ್ದನೆಯ ಹಿಡಿಯಿಂದ ಬೆನ್ನಿಗೆ ಹೊಡೆದ, ಸೊಂಟಕ್ಕೆ ಹೊಡೆದ, ಏಳಲು ಹೋದವಳ ತಲೆಗೆ ಹೊಡೆದ. ಹಣೆಯ ಚರ್ಮ ಸೀಳಿ ಬಿಳಿಯ ಮೂಳೆ ಕಂಡಿತು.

ನಾನು ಅಡ್ಡ ನಿಂತೆ. "ಮಾತ್ರೆ ತಂದ್ಕೊಟ್ಟೋಳು ನಾನು ಕಣೋ! ಅದು ಬಸಿರು ಕಟ್ಟೋಕೆ ಮೊದ್ಲೇ ತಡೆಯೋದು. ನಿಂತಿರೋದನ್ನ ಇಳ್ಸಲ್ಲ. ಇದು ಮುಟ್ಟು!"

"ಹಂಗಾರೆ ನೀನೇ ಕೊಂದೆ."

ಮುಂದಿನ ಏಟಿಗೆ ನನ್ನ ಮುಂಗೈಯ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಮತ್ತೆ ಎತ್ತಿದ ಕೈಯನ್ನು ಆಳುಗಳು ಹಿಡಿದು, ಅವನನ್ನು ನೆಲಕ್ಕೆ ಅದುಮಿದರು.

ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ, ಮಗುವನ್ನು ಎತ್ತಿಕೊಂಡು ಕುಳಿತ ಅವ್ವ ದಾರಿಯುದ್ದಕ್ಕೂ ಸೊಸೆಗೆ ಒಂದೇ ಮಾತು ಹೇಳಿದಳು: "ಕಣದಾಗೆ ಜಾರ್ ಬಿದ್ದೆ ಅನ್ನು. ಮನೆ ಮಾನ ಐತೆ." ನನ್ನತ್ತ ತಿರುಗಿ, "ನೀನು ಇಸ್ಕೂಲ್ ಮೇಷ್ಟ್ರಮ್ಮ, ನಿನ್ ಮಾತು ನಂಬ್ತಾರೆ, ನೀನೂ ಹಂಗೇ ಹೇಳು" ಎಂದಳು. ನಾನು ಆಗುವುದಿಲ್ಲವೆಂದೆ.

ಹೊಲಿಗೆ ಹಾಕುತ್ತ ವೈದ್ಯರು ಹೇಗಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಉತ್ತರಿಸಿದಳು.

"ಜಾರ್ಲಿಲ್ಲ ಸಾರ್. ಗಂಡ ಹೊಡ್ದ. ಪೊಲೀಸ್ರನ್ನ ಕರೀರಿ."

ಅವ್ವ ಧಾವಿಸಿ ಬಂದು ಅವಳ ಮಣಿಕಟ್ಟನ್ನು ಹಿಡಿದು ತಿರುಚಿದಳು. ಅರ್ಧ ಹೊಲಿದ ಗಾಯದಿಂದ ರಕ್ತ ಸುರಿಯುತ್ತಿರುವಾಗಲೇ ಅವಳು ಎದ್ದು ಕುಳಿತು, ಕೈಯನ್ನು ಕೊಸರಿಕೊಂಡು, ಅತ್ತೆಯ ಕಂಕುಳಲ್ಲಿದ್ದ ಮಗುವನ್ನು ಕಿತ್ತುಕೊಂಡಳು.

"ಕುಂದೂರಿಗೆ, ನಮ್ಮಪ್ಪಂಗೆ ಫೋನ್ ಮಾಡಕ್ಕ" ಎಂದಳು.