ಮುನ್ನೂರು ಮೊಟ್ಟೆಯ ಸವಾರಿ

ಪೇಟೆ ಬೀದಿಯಲ್ಲಿ ಮೊಟ್ಟೆಯಕ್ಕನ ಸೈಕಲ್ಲಿಗೆ ಹೆದರಿದವರು ಯಾರೂ ಇಲ್ಲ. ಹಿಂದಿನ ಕ್ಯಾರಿಯರಿಗೆ ಹತ್ತು ಟ್ರೇ, ಅಂದರೆ ಮುನ್ನೂರು ಮೊಟ್ಟೆ, ಹಳೆಯ ಟ್ಯೂಬಿನ ಪಟ್ಟಿಯಲ್ಲಿ ಬಿಗಿದುಕೊಂಡು ಇಪ್ಪತ್ತೆರಡು ವರ್ಷಗಳಿಂದ ಅಂಗಡಿ ಅಂಗಡಿಗೆ ಹಾಕುತ್ತ ಬಂದವಳು ಅವಳು. ಬೆನ್ನ ಹಿಂದೆ ಮುನ್ನೂರು ಮೊಟ್ಟೆ ಇದ್ದವರಿಗೆ ಅವಸರವೆಂಬ ರೋಗ ತಾನಾಗಿಯೇ ವಾಸಿಯಾಗುತ್ತದೆ. ನಿಧಾನವೇ ಪ್ರಧಾನ ಎಂದು ಗೋಡೆಯ ಮೇಲೆ ಬರೆಸಿಕೊಂಡವರು ಊರಲ್ಲಿ ಬೇಕಾದಷ್ಟಿದ್ದರು. ಹಾಗೆ ಬದುಕಿದವಳು ಇವಳೊಬ್ಬಳೇ.

ಅವಳ ಬಲಗಾಲು ಎಡಗಾಲಿಗಿಂತ ಎರಡು ಬೆರಳು ಗಿಡ್ಡ. ನಡೆದರೆ ಹೆಜ್ಜೆ ಹೆಜ್ಜೆಗೂ ಮೈ ಒಂದು ಕಡೆ ವಾಲುತ್ತದೆ. ಮದುವೆಯಾದ ಹೊಸತರಲ್ಲಿ ಬಡಗಿ ಗಂಡ ಬಲ ಪೆಡಲಿಗೆ ಒಂದು ಮರದ ತುಂಡು ಜೋಡಿಸಿ ಕೊಟ್ಟಿದ್ದ. ಅಂದಿನಿಂದ ಸೈಕಲ್ ಹತ್ತಿ ಕೂತಾಗ ಅವಳಿಗೆ ಎರಡೂ ಕಾಲು ಸಮ. ಇಳಿದು ತಳ್ಳಿದರೆ ಮಾತ್ರ ಅವಳ ಜೊತೆ ಸೈಕಲ್ಲೂ ವಾಲಿ ಮೊಟ್ಟೆಗಳು ಒಂದಕ್ಕೊಂದು ಕುಟ್ಟಿಕೊಳ್ಳುತ್ತಿದ್ದವು.

ಪೀಕಲಾಟ ತಂದವಳು ಹೊರಗಿನವಳಲ್ಲ, ಮಗಳೇ. ಕಾಲೇಜು ಹುಡುಗಿ, ಸೈಕಲ್ ಹತ್ತಿದರೆ ಬಿಲ್ಲಿನಿಂದ ಬಿಟ್ಟ ಬಾಣ. ಒಂದು ಬೆಳಿಗ್ಗೆ ಗಂಟೆ ಬಾರಿಸುತ್ತ, “ಸರೀರಿ, ಸರೀರಿ” ಎಂದು ಕೂಗುತ್ತ ಬಂದವಳು, ಅಂಗಡಿಯ ಬೀಗ ತೆಗೆಯುತ್ತಿದ್ದ ತನ್ನ ದೊಡ್ಡಪ್ಪನನ್ನೇ ಗುದ್ದಿ ಕೆಡವಿದಳು. ದೊಡ್ಡಪ್ಪ ಊರಿಗೆಲ್ಲ ಗಡಿಯಾರ ರಿಪೇರಿ ಮಾಡುವವರು. ಮೊಟ್ಟೆಯಕ್ಕನಿಗೆ ಗಂಡನ ಅಣ್ಣ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿಯುವ ಅವರ ಬಲಗೈ ಮಣಿಕಟ್ಟು ಮುರಿಯಿತು.

ಆರು ವಾರ ಪ್ಲಾಸ್ಟರು ಎಂದರು ಡಾಕ್ಟರು. ಅಂಗಡಿಯ ಗೋಡೆಯ ಮೇಲೆ ಕೆಟ್ಟ ಗಡಿಯಾರಗಳು ತಮಗೆ ತೋಚಿದ ಹೊತ್ತು ತೋರಿಸುತ್ತ ನೇತಾಡಿದವು. ಮೊಟ್ಟೆಯಕ್ಕ ಮಗಳನ್ನು ಕರೆದೊಯ್ದು ತಪ್ಪಾಯಿತು ಅನ್ನಿಸಿದಳು. ಭಾವನಿಗೆ ಸದಾ ಮೂಗಿನ ತುದಿಯಲ್ಲೇ ಕೋಪ. ಅಂದು ಮಾತ್ರ ಅವರು ಕೂಗಾಡಲಿಲ್ಲ.

“ಇವಳಿಗೆ ಸೈಕಲ್ ಕಲಿಸಿದ್ದು ಯಾರಮ್ಮ?”

“ನಾನೇ ಭಾವ.”

“ಓಡಿಸೋದು ಕಲಿಸಿದೀಯ. ನಿಲ್ಲಿಸೋದು ಕಲಿಸಿಲ್ಲ.”

ಬೈದಿದ್ದರೇ ವಾಸಿಯಿತ್ತು. ಮಾತು ನಿಜವಾಗಿತ್ತು, ಅದಕ್ಕೇ ಅಷ್ಟು ನೋವಾಯಿತು.

ಭಾವ ಸುಮ್ಮನೆ ಕೂರಲಿಲ್ಲ. ಪುರಸಭೆಗೆ ಅರ್ಜಿ ಕೊಟ್ಟರು: ಪೇಟೆ ಬೀದಿಯಲ್ಲಿ ಸೈಕಲ್ ಸವಾರಿ ಬೇಡ, ಎಲ್ಲರೂ ಇಳಿದು ತಳ್ಳಲಿ. ಸೈಕಲ್ಲಿನಿಂದ ಒಂದಲ್ಲ ಒಂದು ದಿನ ಬೆಚ್ಚಿಬಿದ್ದವರೆಲ್ಲ ಸಹಿ ಹಾಕಿದರು. ಅಧ್ಯಕ್ಷೆ ಬೋರ್ಡು ಬರೆಯಲೂ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಮೊಟ್ಟೆಯಕ್ಕ ಹಿತ್ತಲಲ್ಲಿ ಮೊಟ್ಟೆ ಹೇರಿದ ಸೈಕಲ್ಲನ್ನು ಇಪ್ಪತ್ತು ಹೆಜ್ಜೆ ತಳ್ಳಿ ನೋಡಿದಳು. ಮೂರು ಮೊಟ್ಟೆ ಒಡೆದವು. ಬೀದಿ ಮುನ್ನೂರು ಹೆಜ್ಜೆ ಉದ್ದವಿತ್ತು. ಅಂದರೆ ಕಸುಬು ಮುಗಿದಂತೆಯೇ.

ಅವಳು ಪುರಸಭೆಗೆ ಹೋಗಿ ಎಲ್ಲರ ಮುಂದೆ ನಿಂತಳು.

“ನಡೆಯೋರ ಭಯ ಸುಳ್ಳಲ್ಲ. ತಪ್ಪು ನಮ್ಮ ಮನೇದೇ. ಆದ್ರೆ ಸೈಕಲ್ಲೇ ತಪ್ಪು ಅಂತೀರಲ್ಲ, ಅದು ಸರಿಯಲ್ಲ. ನನ್ನನ್ನ ಪರೀಕ್ಷೆ ಮಾಡಿ ನೋಡಿ.”

ಭಾವ ಎದ್ದರು. “ಆಯ್ತು. ಶನಿವಾರ ಪೇಟೆ ತುಂಬಿರೋವಾಗ ನಾನು ಅಂಚೆ ಕಚೇರಿಯಿಂದ ಬಸ್ ನಿಲ್ದಾಣದವರೆಗೆ ನಡೀತೀನಿ, ನನಗೆ ಮನಸ್ಸು ಬಂದ ಹಾಗೆ. ನೀನು ಮುನ್ನೂರು ಮೊಟ್ಟೆ ಹೇರ್ಕೊಂಡು ಹಿಂದೆ ಬಾ. ಗಂಟೆ ಬಾರಿಸಬಾರದು, ಕಾಲು ನೆಲಕ್ಕೆ ತಾಗಬಾರದು, ಒಂದು ಮೊಟ್ಟೆ ಒಡೀಬಾರದು. ಒಂದು ತಪ್ಪಿದ್ರೂ ಬೋರ್ಡು ಹಾಕಿಸ್ತೀನಿ.”

ಶನಿವಾರ ಬೀದಿಯ ಎರಡೂ ಬದಿಗೆ ಜನ ನೆರೆದರು. ಕ್ಷೌರದಂಗಡಿಯಿಂದ ಒಬ್ಬ ಅರ್ಧ ಗಡ್ಡದ ನೊರೆಯಲ್ಲೇ ಎದ್ದು ಬಂದ. ಭಾವ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಹೊರಟರು. ಹತ್ತು ಹೆಜ್ಜೆ ನಡೆದು ಪಾತ್ರೆ ಅಂಗಡಿಯ ಮುಂದೆ ನಿಂತು ಇಲ್ಲದ ತವಲೆಯ ದರ ಕೇಳಿದರು. ಮುಂದೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿತೆಂದು ಬಗ್ಗಿದರು. ಕಲ್ಲೂ ಇರಲಿಲ್ಲ, ಗಿಲ್ಲೂ ಇರಲಿಲ್ಲ. ಹಿಂದೆ ಮೊಟ್ಟೆಯಕ್ಕ ಅರ್ಧ ಬ್ರೇಕು ಹಿಡಿದು, ಪೆಡಲನ್ನು ಗೋಧಿ ಕಾಳಿನಷ್ಟು ಒತ್ತಿ, ಹ್ಯಾಂಡಲ್ಲನ್ನು ಆಚೀಚೆ ತೂಗುತ್ತ ನಿಂತಲ್ಲೇ ನಿಂತಳು. ಜನ ಉಸಿರು ಬಿಗಿಹಿಡಿದು ನೋಡಿದರು.

ಮುಕ್ಕಾಲು ದಾರಿ ಮುಗಿದಿತ್ತು. ಬಟ್ಟೆ ಅಂಗಡಿಯಿಂದ ಒಬ್ಬ ಹೆಂಗಸು ಹೆಗಲ ಮೇಲೆ ಮಲಗಿದ ಮಗುವನ್ನಿಟ್ಟುಕೊಂಡು, ಒಳಗಿನವರ ಜೊತೆ ಮಾತಾಡುತ್ತಲೇ ಹಿಮ್ಮುಖವಾಗಿ ಬೀದಿಗಿಳಿದಳು. ಎಡಕ್ಕೆ ಒಂದು ಮೊಳ ಜಾಗವಿತ್ತು. ಅಷ್ಟು ಜಾಗದಲ್ಲಿ ನುಸುಳುವುದು ಮೊಟ್ಟೆಯಕ್ಕನಿಗೆ ನೀರು ಕುಡಿದಷ್ಟು ಸುಲಭ. ಆದರೆ ಆ ಹೆಂಗಸು ಇನ್ನೊಂದು ಹೆಜ್ಜೆ ಹಿಂದಿಟ್ಟರೆ? ಮೊಟ್ಟೆಯಕ್ಕ ಬ್ರೇಕು ಒತ್ತಿ ಎಡಗಾಲು ನೆಲಕ್ಕೂರಿದಳು.

“ಅಯ್ಯೋ!” ಎಂದಿತು ಇಡೀ ಬೀದಿ. ಹೆಂಗಸು ಮಾತು ಮುಗಿಸಿ, ಮಗುವಿನ ಟೋಪಿ ಸರಿಮಾಡಿ ತನ್ನ ಪಾಡಿಗೆ ಬಸ್ ನಿಲ್ದಾಣದ ಕಡೆ ಹೋದಳು. ಮೊಟ್ಟೆಯಕ್ಕನ ಕಣ್ಣು ಮಂಜಾಯಿತು. ಎಲ್ಲ ಹೋಯಿತು ಎಂದುಕೊಂಡಳು. ಆದರೂ ಮತ್ತೆ ಪೆಡಲು ಒತ್ತಿ ಕೊನೆಯವರೆಗೆ ಹೋದಳು.

“ಕಾಲು ಇಟ್ರಲ್ಲಮ್ಮ,” ಎಂದರು ಅಧ್ಯಕ್ಷೆ, ಬೇಸರದಿಂದಲೇ.

“ಇಟ್ಟೆ. ಇಲ್ಲ ಅನ್ನಲ್ಲ.”

ದಾರಿಯುದ್ದಕ್ಕೂ ಹಿಂತಿರುಗಿ ನೋಡದ ಭಾವ ಈಗ ತಿರುಗಿದರು. “ಯಾಕೆ ಇಟ್ಟೆ?”

“ಅಗೋ, ಆ ಮಗು ಎತ್ಕೊಂಡವಳು ಬಟ್ಟೆ ಅಂಗಡಿಯಿಂದ ಇಳಿದಾಗ ಅವಳ ಬೆನ್ನು ನನ್ನ ಕಡೆ ಇತ್ತು ಭಾವ. ನೋಡ್ಕೋಬೇಕಾದವಳು ನಾನಲ್ವಾ?”

ಭಾವ ಬಸ್ಸಿಗೆ ಕಾದು ನಿಂತಿದ್ದ ಆ ಹೆಂಗಸಿನ ಹತ್ತಿರ ಹೋದರು. “ಏನಮ್ಮ, ಆಗಲೇ ಬಟ್ಟೆ ಅಂಗಡಿ ಮುಂದೆ ಸೈಕಲ್ಲಿನಿಂದ ನಿಮಗೇನಾದ್ರೂ ತೊಂದ್ರೆ ಆಯ್ತಾ?”

ಅವಳು ಪಿಳಿಪಿಳಿ ಕಣ್ಣು ಬಿಟ್ಟಳು. “ಯಾವ ಸೈಕಲ್?”

ಬೀದಿ ಬಿದ್ದು ಬಿದ್ದು ನಕ್ಕಿತು. ಕೈ ಮುರಿದ ಮೇಲೆ ಮೊದಲ ಸಲ ಭಾವನೂ ನಕ್ಕರು. “ಕರಾರು ಹಾಕಿದವನು ನಾನೇ, ತಪ್ಪು ಹಾಕಿದೆ. ಎಲ್ಲಿ ಕಾಲು ಊರಬೇಕು ಅಂತ ಗೊತ್ತಿರೋರೇ ಈ ಬೀದೀಲಿ ಸೈಕಲ್ ಓಡಿಸಬೇಕು. ನಮ್ಮ ಮನೆ ಹೆಣ್ಣುಮಗಳು ಗೆದ್ದಳು ಕಣ್ರೋ!” ಎಂದು, ಚಪ್ಪಾಳೆ ತಟ್ಟಲು ಎರಡನೇ ಕೈ ಇಲ್ಲದೆ ತೊಡೆಗೆ ಬಡಿದುಕೊಂಡರು. ಚಪ್ಪಾಳೆಯ ಬಾಕಿಯನ್ನು ಊರು ತೀರಿಸಿತು. ಮೊಟ್ಟೆಯಕ್ಕ ಅಳುತ್ತಲೇ ನಕ್ಕಳು.

ಬೋರ್ಡು ಬಂತು, ಆದರೆ ಬರಹ ಬೇರೆ: “ನಡೆಯುವವರು ಮೊದಲು. ಅವರ ಬೆನ್ನಿಗೆ ಕಣ್ಣಿಲ್ಲ.” ಜೊತೆಗೊಂದು ಕಟ್ಟಳೆಯೂ ಬಂತು. ಪೇಟೆ ಬೀದಿಯಲ್ಲಿ ಸೈಕಲ್ ಓಡಿಸಬೇಕೆನ್ನುವವರು ಭಾನುವಾರ ಮುಂದಿನ ಬುಟ್ಟಿಯಲ್ಲಿ ಆರು ಮೊಟ್ಟೆ ಇಟ್ಟುಕೊಂಡು ಗಡಿಯಾರದವರ ಹಿಂದೆ ಬರಬೇಕು. ಮೀಸೆ ತಿರುವಿಕೊಂಡು ಬಂದ ಶೂರರು ಹಳದಿ ಬಳಿದುಕೊಂಡು ಹೋದರು.

ಮಗಳು ಮೊದಲ ಭಾನುವಾರ ನಾಲ್ಕು ಒಡೆದಳು. ಎರಡನೆಯ ಭಾನುವಾರ ಒಂದು. ಮೊಟ್ಟೆಯಕ್ಕ ಪ್ರತಿ ಸಂಜೆ ಹಿತ್ತಲಲ್ಲಿ ನಿಲ್ಲಿಸುವುದನ್ನೇ ಕಲಿಸಿದಳು. ಮೂರನೆಯ ಭಾನುವಾರ ದೊಡ್ಡಪ್ಪ ಬಸ್ ನಿಲ್ದಾಣ ಮುಟ್ಟಿ, ಹಿಂದೆ ಸದ್ದೇ ಇಲ್ಲದ್ದಕ್ಕೆ ಮುಖ ಸಿಂಡರಿಸಿ, “ಎಲ್ಲಿ ಹೋದ್ಲು ನಮ್ಮ ಹುಡುಗಿ? ಬರಲೇ ಇಲ್ವಾ?” ಎಂದು ರೇಗಿದರು.

“ಇಲ್ಲೇ ಇದೀನಿ ದೊಡ್ಡಪ್ಪ,” ಎಂದಿತು ಬೆನ್ನ ಹಿಂದಿನಿಂದ ಮೆಲುದನಿ. ಬುಟ್ಟಿಯಲ್ಲಿ ಆರಕ್ಕೆ ಆರೂ ಇದ್ದವು.